ಕೊಡಗಿನಿಂದ ಹೊರದೇಶಕ್ಕೆ ಹೊರಟವರಿಗೆ: ಟಿಪ್ಸ್ ಯಾರಿಗೆ, ಎಷ್ಟು, ಹೇಗೆ

ಕಕ್ಕಬೆಯ ಹತ್ತಿರ ನಮ್ಮದು ನಾಲ್ಕು ಕೋಣೆಗಳ ಹೋಂಸ್ಟೇ. ಕೆಲವು ವರ್ಷಗಳ ಹಿಂದೆ ತಡಿಯಂಡಮೋಳ್ ಹತ್ತಲು ಬಂದಿದ್ದ ಜರ್ಮನಿಯ ದಂಪತಿಗೆ ಹೊರಡುವ ದಿನ 7,650 ರೂಪಾಯಿಯ ಲೆಕ್ಕ ಬರೆದುಕೊಟ್ಟೆ. ಆತ ಐನೂರರ ನೋಟುಗಳ ಕಟ್ಟನ್ನು ನನ್ನ ಕೈಗಿಟ್ಟು "ಎಂಟು ಸಾವಿರ" ಎಂದರು. ನಾನು ಒಳಗೆ ಹೋಗಿ 350 ರೂಪಾಯಿ ಚಿಲ್ಲರೆ ತಂದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡು ಮತ್ತೆ "ಎಂಟು ಸಾವಿರ" ಎಂದರು. ಲೆಕ್ಕ ತಪ್ಪಾಗಿರಬೇಕು ಎಂದುಕೊಂಡು ನಾನು ಮೊದಲಿನಿಂದ ಕೂಡಿಸತೊಡಗಿದೆ. ಕೊನೆಗೆ ಅವರ ಹೆಂಡತಿ ಬಿಡಿಸಿ ಹೇಳಿದರು. ಅವರ ದೇಶದಲ್ಲಿ ಟಿಪ್ಸ್ ಸೇರಿಸಿ ಒಟ್ಟು ಎಷ್ಟು ಕೊಡುತ್ತೇವೆ ಎಂಬುದನ್ನು ಬಾಯಲ್ಲಿ ಹೇಳಿಬಿಡುತ್ತಾರೆ. ಚಿಲ್ಲರೆ ಮರಳಿ ಬರುವುದಿಲ್ಲ. ಆ 350 ರೂಪಾಯಿ ನಮ್ಮ ಅಡುಗೆಯ ಅಕ್ಕನಿಗೆ.

ಹೀಗೆ ಟಿಪ್ಸಿನ ಪಾಠವನ್ನು ನಾನು ಮೊದಲು ಕಲಿತದ್ದು ಪಡೆಯುವವರ ಪಕ್ಕದಲ್ಲಿ ನಿಂತು. ಆಮೇಲೆ ಮಗಳು ಅಮೆರಿಕದ ಡಲ್ಲಾಸ್‌ನಲ್ಲಿ ನೆಲೆಸಿದ ಮೇಲೆ ಕೊಡುವವರ ಕಡೆಯಿಂದಲೂ ಕಲಿಯಬೇಕಾಯಿತು. ಮಳೆ ಹಿಡಿದು ತೋಟದ ಕೆಲಸ ತಗ್ಗಿದ ಕೂಡಲೇ ನಮ್ಮ ಸುತ್ತಮುತ್ತಲಿನ ಎಷ್ಟೋ ಮನೆಗಳಿಂದ ಅಪ್ಪ ಅಮ್ಮಂದಿರು ಮಕ್ಕಳನ್ನು ನೋಡಲು ವಿಮಾನ ಹತ್ತುತ್ತಾರೆ. ಹೊರಡುವ ಮುನ್ನ ನನ್ನಲ್ಲಿಗೆ ಬಂದು "ಅಲ್ಲಿ ಟಿಪ್ಸ್ ಎಷ್ಟು ಕೊಡಬೇಕು ಅಕ್ಕಾ?" ಎಂದು ಕೇಳುವವರಿಗೆ ಹೇಳುವುದನ್ನೆಲ್ಲ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಎಷ್ಟು ಎನ್ನುವ ಮೊದಲು

ತೋಟವಿರುವವರಿಗೆ ಬಟವಾಡೆ ಎಂದರೇನೆಂದು ಗೊತ್ತು. ವಾರದ ಕೆಲಸಕ್ಕೆ ವಾರದ ಕೂಲಿ. ಅದನ್ನು ಎಣಿಸಿ ಕೊಡುವುದು ತೋಟದ ಮಾಲೀಕನ ಹೊಣೆ. ಆ ಕಾಫಿಯನ್ನು ಎಲ್ಲೋ ಕುಳಿತು ಕುಡಿಯುವವನ ಹೊಣೆಯಲ್ಲ. ಹೊರದೇಶಕ್ಕೆ ಹೋದಾಗ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಿ: ನನ್ನ ಮುಂದೆ ತಟ್ಟೆ ಇಡುತ್ತಿರುವ ಈ ಹುಡುಗಿಯ ಬಟವಾಡೆ ಯಾರ ಕೈಯಲ್ಲಿದೆ? ಜಪಾನಿನಲ್ಲಿ ಮಾಲೀಕನ ಕೈಯಲ್ಲಿದೆ. ಫ್ರಾನ್ಸಿನಲ್ಲಿ ತಿಂಡಿಯ ಬೆಲೆಯೊಳಗೇ ಸೇರಿದೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಅದರ ದೊಡ್ಡ ಪಾಲು ಊಟ ಮಾಡಿದವರ ಕೈಯಲ್ಲಿದೆ. ಇದೊಂದು ತಿಳಿದರೆ ಶೇಕಡಾ ಎಷ್ಟು ಎಂಬುದನ್ನು ಬಾಯಿಪಾಠ ಮಾಡುವ ಅಗತ್ಯ ಬಹಳಷ್ಟು ತಪ್ಪುತ್ತದೆ. ಟಿಪ್ಸ್ ಎಂದರೆ ದಾನ ಎಂದು ತಿಳಿದು ಹೊರಟವರೇ ಒಂದು ಕಡೆ ಹೆಚ್ಚು ಕೊಟ್ಟು, ಇನ್ನೊಂದು ಕಡೆ ಕೊಡಬೇಕಾದದ್ದನ್ನು ಕೊಡದೆ ಬರುತ್ತಾರೆ.

ಊರು ಬಿಡುವ ಮುನ್ನ

ಪ್ಯಾಕೇಜ್ ಟೂರಿನಲ್ಲಿ ಹೋಗುತ್ತಿದ್ದರೆ ಅವರು ಕೊಟ್ಟ ಕಾಗದವನ್ನು ಪೂರ್ತಿ ಓದಿ. ಬಸ್ಸಿನ ಚಾಲಕ ಮತ್ತು ಗೈಡ್‌ಗೆ ಕೊಡುವ ಟಿಪ್ಸನ್ನು ಕೆಲವು ಸಂಸ್ಥೆಗಳು ತಲೆಗೆ, ದಿನಕ್ಕೆ ಇಷ್ಟು ಎಂದು ಮೊದಲೇ ಪಡೆದುಕೊಳ್ಳುತ್ತವೆ. ಕೆಲವು ಅಲ್ಲಿಗೆ ಹೋದ ಮೇಲೆ ಸಂಗ್ರಹಿಸುತ್ತವೆ. "ಟಿಪ್ಸ್ ಸೇರಿದೆಯೇ? ಯಾರ ಯಾರ ಟಿಪ್ಸ್ ಸೇರಿದೆ?" ಎಂದು ಬಾಯಿಬಿಟ್ಟು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ. ಹಡಗಿನ ಪ್ರವಾಸವಾದರೆ ಪ್ರತಿದಿನದ ಟಿಪ್ಸ್ ನಿಮ್ಮ ಕೋಣೆಯ ಖಾತೆಗೆ ತಾನಾಗಿಯೇ ಸೇರುವುದು ಸಾಮಾನ್ಯ.

ಎರಡನೆಯ ಕೆಲಸ ಚಿಲ್ಲರೆ ನೋಟು. ನಮ್ಮ ಜಿಲ್ಲೆಯಲ್ಲಿ ರೈಲು ನಿಲ್ದಾಣವೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ಮಾಕುಟ್ಟದ ಘಾಟಿ ಇಳಿದು ಕಣ್ಣೂರಿಗೋ, ಸಂಪಾಜೆ ದಾಟಿ ಮಂಗಳೂರಿಗೋ, ಇಲ್ಲವೇ ಬೆಂಗಳೂರಿಗೋ ಹೋಗಬೇಕು. ಕೊನೆಯ ಗಳಿಗೆಯಲ್ಲಿ ವಿಮಾನ ನಿಲ್ದಾಣದಲ್ಲಿ ಹಣ ಬದಲಾಯಿಸಿದರೆ ದರವೂ ದುಬಾರಿ, ಸಿಗುವುದು ನೂರರ ನೋಟುಗಳೇ. ವಾರಕ್ಕೆ ಮೊದಲೇ ಬ್ಯಾಂಕಿನಲ್ಲೋ ಪರವಾನಗಿ ಪಡೆದ ಹಣ ವಿನಿಮಯದವರಲ್ಲೋ ಹೇಳಿಟ್ಟು, ಅಮೆರಿಕಕ್ಕಾದರೆ ಒಂದು ಮತ್ತು ಐದು ಡಾಲರಿನ ನೋಟುಗಳನ್ನು ಕೇಳಿ ಪಡೆಯಿರಿ. ಒಂದು ಡಾಲರಿನ ಇಪ್ಪತ್ತು ನೋಟುಗಳಿದ್ದರೆ ಮೊದಲ ವಾರ ಆರಾಮ. ಸಿಗದಿದ್ದರೆ ಅಲ್ಲಿ ಇಳಿದ ಕೂಡಲೇ ಒಂದು ನೀರಿನ ಬಾಟಲಿ ಕೊಂಡು ದೊಡ್ಡ ನೋಟು ಮುರಿಸಿಕೊಳ್ಳಿ. ಈ ನೋಟುಗಳನ್ನು ಪರ್ಸಿನಲ್ಲಿಡದೆ ಬೇರೆ ಜೇಬಿನಲ್ಲಿಡಿ. ಟಿಪ್ಸ್ ಕೊಡುವಾಗ ಎಲ್ಲರೆದುರು ಹಣದ ಕಟ್ಟನ್ನು ಬಿಚ್ಚುವುದು ಯಾವ ದೇಶದಲ್ಲಿಯೂ ಒಳ್ಳೆಯದಲ್ಲ.

ಬಿಲ್ಲನ್ನು ಕೊನೆಯ ಸಾಲಿನವರೆಗೆ ಓದಿ

ಬಿಲ್ಲಿನಲ್ಲಿ 'ಸರ್ವಿಸ್ ಚಾರ್ಜ್' ಅಥವಾ 'ಗ್ರ್ಯಾಚುಯಿಟಿ' ಎಂಬ ಸಾಲಿದ್ದರೆ ಟಿಪ್ಸ್ ಆಗಲೇ ಸೇರಿದೆ ಎಂದು ಅರ್ಥ; ಮತ್ತೆ ಕೊಡಬೇಕಾಗಿಲ್ಲ. ಅಮೆರಿಕದಲ್ಲಿ ಆರೆಂಟು ಮಂದಿ ಒಟ್ಟಿಗೆ ಕುಳಿತು ಉಂಡರೆ ಈ ಸಾಲು ತಾನಾಗಿಯೇ ಬರುವ ಸಂಭವವಿದೆ. ನಾವು ಕೊಡಗಿನವರು ಹೊರದೇಶದಲ್ಲಿ ಸೇರಿದರೆ ಆರಕ್ಕೆ ನಿಲ್ಲುವುದಿಲ್ಲ, ಆದ್ದರಿಂದ ಇದನ್ನು ನೋಡುವುದು ಮುಖ್ಯ. ತೆರಿಗೆಯ ಸಾಲನ್ನು ಟಿಪ್ಸ್ ಎಂದು ತಿಳಿಯಬೇಡಿ. ಅದು ಸರ್ಕಾರಕ್ಕೆ ಹೋಗುವ ಹಣ.

ಇಲ್ಲೊಂದು ಎಚ್ಚರಿಕೆಯ ಮಾತು. ಭಾರತದಲ್ಲಿ ಹೋಟೆಲಿನವರು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಇದನ್ನು ಓದಿಕೊಂಡವರು ಸಿಂಗಪುರದಲ್ಲಿಯೂ ಅದೇ ವಾದ ಹೂಡಿದ್ದನ್ನು ಕಂಡಿದ್ದೇನೆ. ನಮ್ಮ ನಿಯಮ ನಮ್ಮ ಗಡಿಯೊಳಗೆ. ಸಿಂಗಪುರದ ಮೆನುವಿನಲ್ಲಿ ಬೆಲೆಯ ಪಕ್ಕದಲ್ಲಿ ಎರಡು ಕೂಡುವ ಚಿಹ್ನೆಗಳಿದ್ದರೆ ಶೇ. 10 ಸೇವಾ ಶುಲ್ಕ ಮತ್ತು ಅದರ ಮೇಲೆ ಶೇ. 9 ತೆರಿಗೆ ಸೇರುತ್ತದೆ ಎಂದು ಮೊದಲೇ ಹೇಳಿದಂತೆ. 20 ಡಾಲರಿನ ಊಟ 24 ಡಾಲರಿನ ಹತ್ತಿರ ಬರುತ್ತದೆ. ಅಷ್ಟು ಕೊಟ್ಟು ಏಳಬಹುದು. ಟಿಪ್ಸನ್ನು ಅಲ್ಲಿ ಯಾರೂ ಕಾಯುವುದಿಲ್ಲ.

ಅಮೆರಿಕ: ಹೆಚ್ಚು ಗಮನ ಬೇಕಾದ ದೇಶ

ಅಮೆರಿಕದ ಒಕ್ಕೂಟ ಸರ್ಕಾರದ ಕಾನೂನಿನಂತೆ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಅದು ಬದಲಾಗಿಲ್ಲ. ಆದರೆ ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು. ಈ ಮೊತ್ತ 1991ರಿಂದ ಅಲ್ಲೇ ನಿಂತಿದೆ. ಉಳಿದದ್ದು ಟಿಪ್ಸಿನಿಂದ ತುಂಬಬೇಕು. ತುಂಬದಿದ್ದರೆ ಮಾಲೀಕ ಸೇರಿಸಬೇಕು ಎಂಬ ನಿಯಮವಿದೆ. ನನ್ನ ಮಗಳಿರುವ ಟೆಕ್ಸಸ್‌ನಲ್ಲಿ ನಡೆಯುವುದು ಈ 2.13ರ ಲೆಕ್ಕವೇ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಒರೆಗಾನ್‌ನಂಥ ಕೆಲವು ರಾಜ್ಯಗಳಲ್ಲಿ ಮಾಲೀಕನೇ ಪೂರ್ತಿ ಕನಿಷ್ಠ ಕೂಲಿ ಕೊಡಬೇಕು, ಆದರೂ ಅಲ್ಲಿಯೂ ಟಿಪ್ಸಿನ ಪದ್ಧತಿ ಹಾಗೆಯೇ ಉಳಿದಿದೆ.

ಈ ಲೆಕ್ಕ ಗೊತ್ತಾದ ದಿನ ನನಗೆ ನಿಜವಾಗಿಯೂ ಸಂಕಟವಾಯಿತು. ಅದಕ್ಕೂ ಮೊದಲಿನ ಪ್ರವಾಸದಲ್ಲಿ 40 ಡಾಲರಿನ ಊಟಕ್ಕೆ ಎರಡು ಡಾಲರ್ ಇಟ್ಟು, ಒಳ್ಳೆಯದನ್ನೇ ಮಾಡಿದೆ ಎಂದುಕೊಂಡು ಎದ್ದು ಬಂದಿದ್ದೆ. ನಮಗೆ ಬಡಿಸಿದ್ದು ನನ್ನಷ್ಟೇ ವಯಸ್ಸಿನ ಹೆಂಗಸು. ನಮ್ಮ ಮೊಮ್ಮಗುವಿಗೆಂದು ಎರಡು ಸಲ ಬಿಸಿನೀರು ತಂದುಕೊಟ್ಟಿದ್ದರು.

ಮೇಜಿನ ಬಳಿಗೆ ಬಂದು ಬಡಿಸುವ ಹೋಟೆಲಾದರೆ, ತೆರಿಗೆಗೆ ಮುಂಚಿನ ಮೊತ್ತದ ಮೇಲೆ ಶೇ. 15ರಿಂದ 20 ಕೊಡಿ. ಲೆಕ್ಕ ಹೀಗೆ: ಊಟಕ್ಕೆ 64 ಡಾಲರ್ ಎಂದುಕೊಳ್ಳಿ. ಹತ್ತನೆಯ ಒಂದು ಪಾಲು 6.40. ಅದರ ಅರ್ಧ 3.20 ಸೇರಿಸಿದರೆ 9.60, ಅದು ಶೇ. 15. ಹತ್ತನೆಯ ಪಾಲನ್ನು ಇಮ್ಮಡಿಸಿದರೆ 12.80, ಅದು ಶೇ. 20. ನಡುವೆ ಹನ್ನೆರಡು ಎಂದು ಬರೆದುಬಿಡಿ. ಡಲ್ಲಾಸ್‌ನಲ್ಲಿ ತೆರಿಗೆ ಶೇ. 8.25. ಆದ್ದರಿಂದ ನಾನು ಈಗ ಮೆನು ನೋಡುವಾಗಲೇ ಪ್ರತಿ ಬೆಲೆಗೆ ಕಾಲು ಭಾಗ ಸೇರಿಸಿ ಓದುತ್ತೇನೆ. 16 ಡಾಲರ್ ಎಂದು ಬರೆದದ್ದು 20 ಡಾಲರ್. ಅಷ್ಟು ಕೊಡಲು ಮನಸ್ಸಿಲ್ಲದಿದ್ದರೆ ಅಗ್ಗದ ತಿಂಡಿ ಆರಿಸಿಕೊಳ್ಳಬೇಕು, ಟಿಪ್ಸಿನಲ್ಲಿ ಉಳಿಸಬಾರದು. ಹನ್ನೆರಡು ಡಾಲರನ್ನು ರೂಪಾಯಿಗೆ ತಿರುಗಿಸಿ ನೋಡಿದರೆ ಸಾವಿರ ದಾಟುತ್ತದೆ, ಕೈ ಹಿಂದೆ ಸರಿಯುತ್ತದೆ. ತಿರುಗಿಸಬೇಡಿ. ಬಡಿಸುವವರ ಮನೆ ಬಾಡಿಗೆ ಇರುವುದು ಡಾಲರಿನಲ್ಲಿ.

ಕಾರ್ಡಿನಿಂದ ಕೊಡುವ ಕ್ರಮ ನಮ್ಮವರನ್ನು ಗಾಬರಿಗೊಳಿಸುತ್ತದೆ, ಅದಕ್ಕಾಗಿ ಬಿಡಿಸಿ ಹೇಳುತ್ತೇನೆ. ಬಹಳಷ್ಟು ಕಡೆ ಸರ್ವರ್ ನಿಮ್ಮ ಕಾರ್ಡನ್ನು ಒಳಗೆ ಕೊಂಡೊಯ್ದು, ಎರಡು ಚೀಟಿಗಳೊಂದಿಗೆ ಮರಳಿ ತರುತ್ತಾರೆ. ಆ ಹೊತ್ತಿಗೆ ನಿಮ್ಮ ಮೊಬೈಲಿಗೆ 69.28 ಡಾಲರ್ ಎಂಬ ಸಂದೇಶ ಬಂದಿರಬಹುದು. ಚೀಟಿಯಲ್ಲಿ 'ಟಿಪ್' ಎಂಬ ಖಾಲಿ ಸಾಲಿರುತ್ತದೆ, ಅಲ್ಲಿ 12.00 ಬರೆಯಿರಿ. ಕೆಳಗಿನ 'ಟೋಟಲ್' ಸಾಲಿನಲ್ಲಿ 81.28 ಎಂದು ಕೂಡಿಸಿ ಬರೆದು ಸಹಿ ಹಾಕಿ. ಹೋಟೆಲಿನ ಪ್ರತಿಯನ್ನು ಮೇಜಿನ ಮೇಲೆ ಬಿಟ್ಟು, ನಿಮ್ಮ ಪ್ರತಿಯನ್ನು ಜೇಬಿಗೆ ಹಾಕಿಕೊಳ್ಳಿ. ಒಂದೆರಡು ದಿನಗಳಲ್ಲಿ ಖಾತೆಯಲ್ಲಿ 81.28 ಕಂಡರೆ ಅದು ಮೋಸವಲ್ಲ, ನೀವೇ ಬರೆದ ಮೊತ್ತ. ನಗದಾಗಿ ಟಿಪ್ಸ್ ಇಡುವುದಾದರೆ ಆ ಸಾಲನ್ನು ಖಾಲಿ ಬಿಡದೆ ಗೆರೆ ಎಳೆದು 'ಕ್ಯಾಶ್' ಎಂದು ಬರೆಯಿರಿ.

ಸೇವೆ ಚೆನ್ನಾಗಿರಲಿಲ್ಲ ಎನಿಸಿದರೆ? ಶೇ. 10 ಕೊಟ್ಟು, ಮ್ಯಾನೇಜರಿಗೆ ಕಾರಣ ಹೇಳಿ ಬನ್ನಿ. ಏನೂ ಕೊಡದೆ ಬರುವುದು ಸರಿಯಲ್ಲ. ಅನೇಕ ಕಡೆ ಆ ಹಣ ತಟ್ಟೆ ಎತ್ತುವವರಿಗೂ ಹಂಚಿಹೋಗುತ್ತದೆ, ಅವರ ತಪ್ಪು ಅದರಲ್ಲಿ ಏನೂ ಇರುವುದಿಲ್ಲ.

ಕೌಂಟರಿನಲ್ಲಿ ನಿಂತು ಕಾಫಿ ಕೊಳ್ಳುವಾಗ ಒಂದು ಪರದೆ ನಿಮ್ಮ ಕಡೆಗೆ ತಿರುಗಿ 18, 20, 25 ಎಂದು ಕೇಳುತ್ತದೆ. ಹಿಂದೆ ಸಾಲು ನಿಂತಿರುತ್ತದೆ, ಮುಜುಗರವಾಗುತ್ತದೆ. ಅಲ್ಲಿ ಕೊಡಲೇಬೇಕೆಂದಿಲ್ಲ, 'ನೋ ಟಿಪ್' ಒತ್ತಿ ಮುಂದೆ ಹೋಗಬಹುದು. ಟ್ಯಾಕ್ಸಿಗೆ ಶೇ. 15ರ ಸುಮಾರು. ಹೋಟೆಲಿನಲ್ಲಿ ಪೆಟ್ಟಿಗೆ ಹೊತ್ತು ತಂದವರಿಗೆ ಪೆಟ್ಟಿಗೆಗೆ ಒಂದೆರಡು ಡಾಲರ್. ಕೂದಲು ಕತ್ತರಿಸಿದವರಿಗೂ ಊಟದ ಲೆಕ್ಕವೇ. ತಂಗಿದ ಕೋಣೆಯನ್ನು ಶುಚಿ ಮಾಡುವವರಿಗೆ ದಿನಕ್ಕೆ ಎರಡರಿಂದ ಐದು ಡಾಲರ್, ಅದನ್ನೂ ದಿನದಿನವೇ ಇಡಿ; ಇಂದು ಬಂದವರು ನಾಳೆ ಬಾರದೆ ಇರಬಹುದು. ಹಣದ ಜೊತೆ 'ಹೌಸ್‌ಕೀಪಿಂಗ್, ಥ್ಯಾಂಕ್ ಯು' ಎಂಬ ಚೀಟಿ ಇಡುವುದನ್ನು ಮರೆಯಬೇಡಿ. ಚೀಟಿ ಇಲ್ಲದ ಹಣವನ್ನು ಅತಿಥಿ ಮರೆತುಹೋದದ್ದೆಂದು ಮುಟ್ಟದೆ ಬಿಡುತ್ತಾರೆ. ನಮ್ಮ ಹೋಂಸ್ಟೇಯಲ್ಲಿಯೂ ಅಕ್ಕ ಹಾಗೆಯೇ ಮಾಡುತ್ತಾರೆ: ದಿಂಬಿನ ಕೆಳಗೆ ನೂರು ರೂಪಾಯಿ ಕಂಡರೆ ಓಡಿಬಂದು ನನ್ನ ಕೈಗೆ ಕೊಡುತ್ತಾರೆ, ಅತಿಥಿ ಅಷ್ಟು ಹೊತ್ತಿಗೆ ವಿರಾಜಪೇಟೆ ದಾಟಿರುತ್ತಾರೆ.

ಹಿರಿಯರು ಗಾಲಿಕುರ್ಚಿಯ ನೆರವು ಕೇಳಿ ಪ್ರಯಾಣಿಸುವುದು ಈಗ ಬಹಳ ಸಾಮಾನ್ಯ. ಆ ಸೇವೆ ಉಚಿತ, ಹಣ ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಆ ಕುರ್ಚಿ ತಳ್ಳುವವರು ಹೆಚ್ಚಾಗಿ ಕಡಿಮೆ ಸಂಬಳದ ಗುತ್ತಿಗೆ ನೌಕರರು. ವಲಸೆ ಅಧಿಕಾರಿಯ ಸಾಲಿನಿಂದ ಪೆಟ್ಟಿಗೆ ಬರುವ ಜಾಗದವರೆಗೆ, ಅಲ್ಲಿಂದ ಹೊರಗೆ ಕಾಯುತ್ತಿರುವ ಮಕ್ಕಳವರೆಗೆ ಕರೆದೊಯ್ದವರಿಗೆ ಐದು ಡಾಲರ್ ಕೊಟ್ಟರೆ ನ್ಯಾಯ. ಪೆಟ್ಟಿಗೆಗಳನ್ನೂ ಎಳೆದುಕೊಟ್ಟಿದ್ದರೆ ಹತ್ತು. ಒಂದು ಡಾಲರಿನ ನೋಟುಗಳನ್ನು ಊರಿನಿಂದಲೇ ಒಯ್ಯಿರಿ ಎಂದು ಹೇಳಿದ್ದಕ್ಕೆ ಇದೇ ಮುಖ್ಯ ಕಾರಣ: ಇಳಿದ ಮೊದಲ ಗಂಟೆಯಲ್ಲೇ ಅವು ಬೇಕಾಗುತ್ತವೆ.

ಕೆನಡಾಕ್ಕೂ ಹೆಚ್ಚುಕಡಿಮೆ ಇದೇ ಲೆಕ್ಕ.

ಯುರೋಪ್

ಇಲ್ಲಿ ದೇಶದಿಂದ ದೇಶಕ್ಕೆ ಕ್ರಮ ಬೇರೆ, ಆದರೆ ಮೊತ್ತ ಎಲ್ಲೆಡೆಯೂ ಚಿಕ್ಕದು. ಫ್ರಾನ್ಸಿನಲ್ಲಿ 'ಸರ್ವಿಸ್ ಕಾಂಪ್ರಿ' ಎಂದರೆ ಸೇವಾ ಶುಲ್ಕ ಬೆಲೆಯಲ್ಲೇ ಸೇರಿದೆ ಎಂದು. ಮನಸ್ಸಿಗೆ ಹಿತವಾದರೆ ಒಂದೆರಡು ಯೂರೋ ನಾಣ್ಯ ಬಿಟ್ಟು ಬರಬಹುದು. ಸ್ವಿಟ್ಜರ್ಲೆಂಡಿನಲ್ಲಿಯೂ ಹಾಗೆಯೇ. ಇಟಲಿಯ ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗೆ ಇಷ್ಟು ಎಂದು ಹಾಕಿರುತ್ತಾರೆ. ಅದು ಮೇಜಿಗೂ ಬ್ರೆಡ್ಡಿಗೂ ಹಾಕುವ ಶುಲ್ಕ, ಮೋಸವೆಂದು ಜಗಳವಾಡಬೇಡಿ.

ಜರ್ಮನಿಯಲ್ಲಿ ಶೇ. 5ರಿಂದ 10. ಹಣವನ್ನು ಮೇಜಿನ ಮೇಲೆ ಬಿಟ್ಟು ಬರುವ ರೂಢಿಯಿಲ್ಲ. ನಮ್ಮ ಅತಿಥಿ ಮಾಡಿದಂತೆ ಹಣ ಕೊಡುವಾಗಲೇ ಒಟ್ಟು ಮೊತ್ತವನ್ನು ಹೇಳಬೇಕು. 27 ಯೂರೋ ಬಿಲ್ಲಿಗೆ 30ರಷ್ಟು ಕೈಗಿಟ್ಟು 'ಶ್ಟಿಮ್ಟ್ ಜೋ' ಎಂದರೆ ಚಿಲ್ಲರೆ ಬೇಡ ಎಂದಂತೆ. ಟಿಪ್ಸಿಗೆ ಅವರ ಭಾಷೆಯಲ್ಲಿ 'ಟ್ರಿಂಕ್‌ಗೆಲ್ಟ್' ಎನ್ನುತ್ತಾರೆ, ಕುಡಿಯಲು ಕೊಟ್ಟ ಹಣ ಎಂದು ಅರ್ಥ. ನಮ್ಮವರು ಚಾಲಕನ ಕೈಗೆ ಇಪ್ಪತ್ತು ರೂಪಾಯಿ ಇಟ್ಟು "ಕಾಫಿ ಕುಡಿ" ಎನ್ನುವುದಿಲ್ಲವೇ, ಅದೇ ಮಾತು.

ಬ್ರಿಟನ್ನಿನ ಹೋಟೆಲುಗಳು ಸಾಮಾನ್ಯವಾಗಿ ಶೇ. 12.5 ಸೇರಿಸಿ, ಪಕ್ಕದಲ್ಲಿ 'ಡಿಸ್ಕ್ರೀಷನರಿ' ಎಂದು ಬರೆದಿರುತ್ತಾರೆ. ಕೊಡುವುದೂ ಬಿಡುವುದೂ ನಿಮ್ಮ ಇಚ್ಛೆ, ಬೇಡವೆಂದರೆ ತೆಗೆಯುತ್ತಾರೆ. ಕೊಟ್ಟ ಟಿಪ್ಸ್ ಪೂರ್ತಿ ನೌಕರರಿಗೇ ತಲುಪಬೇಕೆಂಬ ಕಾನೂನು ಅಲ್ಲಿ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದು ನನಗೆ ಬಹಳ ಒಪ್ಪಿಗೆಯಾದ ಕಾನೂನು.

ಜಪಾನ್

ಜಪಾನಿನಲ್ಲಿ ಹೋಟೆಲು, ಟ್ಯಾಕ್ಸಿ, ಅಂಗಡಿ ಎಲ್ಲಿಯೂ ಟಿಪ್ಸ್ ಕೊಡಬೇಡಿ. ಮೇಜಿನ ಮೇಲೆ ಬಿಟ್ಟರೆ ಮರೆತುಹೋದಿರೆಂದು ಹಿಂದೆಯೇ ತಂದುಕೊಡುತ್ತಾರೆ, ಒತ್ತಾಯಿಸಿದರೆ ಕಸಿವಿಸಿಗೊಳ್ಳುತ್ತಾರೆ. ಕೌಂಟರಿನಲ್ಲಿ ಒಂದು ಚಿಕ್ಕ ತಟ್ಟೆ ಇಟ್ಟಿರುತ್ತಾರೆ. ಅದು ಟಿಪ್ಸಿನ ತಟ್ಟೆಯಲ್ಲ. ಬಿಲ್ಲಿನ ಹಣವನ್ನು ಕೈಗೆ ಕೊಡದೆ ಅದರಲ್ಲಿಡುವುದು ಕ್ರಮ. ಊಟ ಮುಗಿಸಿ ಏಳುವಾಗ 'ಗೊಚಿಸೊಸಾಮಾ' ಎಂದು ಹೇಳಿ ತಲೆಬಾಗಿದರೆ ಅವರ ಮುಖ ಅರಳುತ್ತದೆ.

ಒಂದು ಹೊರತು ಇದೆ. 'ರ್ಯೊಕಾನ್' ಎಂಬ ಸಾಂಪ್ರದಾಯಿಕ ವಸತಿಗೃಹಗಳಲ್ಲಿ, ನಿಮ್ಮ ಕೋಣೆಯನ್ನು ನೋಡಿಕೊಳ್ಳುವ ಹೆಂಗಸಿಗೆ ಸಾವಿರ ಯೆನ್‌ನಷ್ಟನ್ನು ಚಿಕ್ಕ ಲಕೋಟೆಯಲ್ಲಿಟ್ಟು ಕೊಡುವ ಹಳೆಯ ಪದ್ಧತಿ ಇದೆ. 'ಕೊಕೊರೊಜುಕೆ' ಎನ್ನುತ್ತಾರೆ. ಹೊರಡುವಾಗ ಕೊಡುವುದಲ್ಲ, ಬಂದು ಕುಳಿತಾಗಲೇ ಕೊಡುವುದು. ಕಡ್ಡಾಯವೇನೂ ಅಲ್ಲ, ಆದರೆ ಕೊಡುವುದಾದರೆ ನೋಟನ್ನು ಲಕೋಟೆಯಿಲ್ಲದೆ ಹಾಗೆಯೇ ನೀಡಬಾರದು. ಇದನ್ನು ನಾನು ನೋಡಿದ್ದು ನಮ್ಮ ಅಡುಗೆಮನೆಯ ಬಾಗಿಲಿನಲ್ಲಿ. ಜಪಾನಿನಿಂದ ಬಂದಿದ್ದ ಹಿರಿಯ ಮಹಿಳೆಯೊಬ್ಬರು ಮೊದಲ ಸಂಜೆಯೇ ಅಕ್ಕನ ಮುಂದೆ ನಿಂತು, ಹೂವಿನ ಚಿತ್ರವಿದ್ದ ಪುಟ್ಟ ಬಿಳಿ ಲಕೋಟೆಯನ್ನು ಎರಡೂ ಕೈಗಳಲ್ಲಿ ಹಿಡಿದು, ಬಾಗಿ ಕೊಟ್ಟರು. ಒಳಗಿದ್ದದ್ದು ಐನೂರು ರೂಪಾಯಿ. ಅಕ್ಕ ಅದಕ್ಕಿಂತ ಹೆಚ್ಚು ಹಣವನ್ನು ಬೇರೆ ಅತಿಥಿಗಳಿಂದ ಪಡೆದಿದ್ದಾರೆ. ಆದರೆ ಆ ಲಕೋಟೆಯನ್ನು ಮಾತ್ರ ಮನೆಯ ದೇವರ ಪಟದ ಹಿಂದೆ ಇನ್ನೂ ಇಟ್ಟುಕೊಂಡಿದ್ದಾರೆ.

ಟಿಪ್ಸ್ ಇಲ್ಲದ ದೇಶದಲ್ಲಿ ಕೃತಜ್ಞತೆ ತೋರಿಸಲೇಬೇಕು ಎನಿಸಿದರೆ ನಮ್ಮ ತೋಟದ ಹುರಿದು ಪುಡಿ ಮಾಡಿದ ಕಾಫಿಯ ಚಿಕ್ಕ ಪೊಟ್ಟಣ ಕೊಡಿ. ನಾನು ನೂರು ಗ್ರಾಮಿನ ಆರು ಪೊಟ್ಟಣ ಒಯ್ದಿದ್ದೆ, ಆರೂ ಖರ್ಚಾದವು. ಅಮೆರಿಕದಲ್ಲಿ ಮಾತ್ರ ಇದು ಟಿಪ್ಸಿಗೆ ಬದಲಿಯಾಗುವುದಿಲ್ಲ.

ಉಳಿದ ದೇಶಗಳು

ಕೊಲ್ಲಿ ದೇಶಗಳಿಗೆ ಕಣ್ಣೂರಿನಿಂದಲೇ ವಿಮಾನವಿದೆ, ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಅಲ್ಲಿ ದುಡಿಯುತ್ತಿದ್ದಾರೆ. ದುಬೈನ ಬಿಲ್ಲಿನಲ್ಲಿ ಶೇ. 5 ತೆರಿಗೆ ಇರುತ್ತದೆ. ಸೇವಾ ಶುಲ್ಕ ಸೇರಿರದಿದ್ದರೆ ಶೇ. 10ರ ಒಳಗೆ ಕೊಟ್ಟರೆ ಸಾಕು. ಪೆಟ್ಟಿಗೆ ಹೊತ್ತವರಿಗೆ ಐದು ದಿರ್ಹಮ್. ಕಾರ್ಡಿಗಿಂತ ನಗದಾಗಿ, ಕೈಗೇ ಕೊಡುವುದು ಮೇಲು. ಬಡಿಸುವ ಹುಡುಗ ನಮ್ಮ ಕಡೆಯವನೇ ಆಗಿದ್ದರೆ ಊರಿನ ಮಾತಾಡಿಸಿ, ಆದರೆ ಆ ಸಲುಗೆಯಲ್ಲಿ ಟಿಪ್ಸ್ ಮರೆಯಬೇಡಿ.

ಥಾಯ್ಲೆಂಡಿನಲ್ಲಿ 20 ಬಾತ್‌ನ ನೋಟುಗಳನ್ನು ಇಟ್ಟುಕೊಳ್ಳಿ; ಮಸಾಜ್ ಮಾಡಿದವರಿಗೆ 50ರಿಂದ 100 ಬಾತ್. ನೋಟಿನ ಮೇಲೆ ಅವರ ರಾಜನ ಚಿತ್ರವಿದೆ, ಕೆಳಗೆ ಬಿದ್ದರೆ ಕಾಲಿನಿಂದ ತಡೆಯಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಕೊಡಬೇಕಾದ ಒತ್ತಾಯವಿಲ್ಲ. ಈಜಿಪ್ಟ್‌ನಲ್ಲಿ ಶೌಚಾಲಯದ ಬಾಗಿಲು ಕಾಯುವವರಿಂದ ಗೋರಿಯ ದೀಪ ತೋರಿಸುವವರವರೆಗೆ ಎಲ್ಲರೂ 'ಬಕ್ಷೀಶ್' ಕೇಳುತ್ತಾರೆ. ನಮ್ಮ ಭಕ್ಷೀಸು ಮತ್ತು ಆ ಪದ ಎರಡೂ ಪರ್ಶಿಯನ್ ಮೂಲದವು. ಅಲ್ಲಿನ ಪೌಂಡಿನ ಚಿಕ್ಕ ನೋಟುಗಳನ್ನೇ ಕೊಡಿ. ಯೂರೋ ನಾಣ್ಯವನ್ನೋ ಭಾರತದ ನೋಟನ್ನೋ ಕೊಟ್ಟರೆ ಅವರು ಬದಲಾಯಿಸಿಕೊಳ್ಳಲಾಗದೆ ಪರದಾಡುತ್ತಾರೆ.

ಯಾವ ದೇಶವೇ ಆಗಲಿ, ಪೊಲೀಸರಿಗೆ, ವಲಸೆ ಮತ್ತು ಸುಂಕದ ಅಧಿಕಾರಿಗಳಿಗೆ ಹಣ ಚಾಚಬೇಡಿ. ಕೆಲಸ ಬೇಗ ಮಾಡಿಕೊಟ್ಟರೆಂಬ ಸಂತೋಷಕ್ಕೆ ಕೊಟ್ಟರೂ ಅದು ಲಂಚವೆಂದೇ ಲೆಕ್ಕ, ಜೈಲಿನವರೆಗೆ ಹೋಗಬಹುದು. ಈ ಒಂದು ವಿಷಯದಲ್ಲಿ ವಯಸ್ಸಾದ ತಂದೆತಾಯಂದಿರಿಗೆ ಎರಡು ಸಲ ಹೇಳಿ ಕಳುಹಿಸಿ.

ಮರಳುವ ದಿನ

ಹಣ ವಿನಿಮಯದವರು ನಾಣ್ಯಗಳನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕೊನೆಯ ಎರಡು ದಿನಗಳ ಸಣ್ಣ ಖರ್ಚಿಗೆ ನಾಣ್ಯಗಳನ್ನೇ ಬಳಸಿ. ಉಳಿದರೆ ಅನೇಕ ವಿಮಾನ ನಿಲ್ದಾಣಗಳಲ್ಲಿ ದಾನದ ಪೆಟ್ಟಿಗೆಗಳಿರುತ್ತವೆ. ಒಂದು ಡಾಲರಿನ ನೋಟುಗಳನ್ನು ಮಾತ್ರ ಉಳಿಸಿಕೊಂಡು ಬನ್ನಿ. ನಮ್ಮ ಬೀರುವಿನಲ್ಲಿ ಅದಕ್ಕೆಂದೇ ಒಂದು ಹಳದಿ ಲಕೋಟೆ ಇದೆ. ಹೋಗುವವರು ರೂಪಾಯಿ ಕೊಟ್ಟು ನೋಟು ಒಯ್ಯುತ್ತಾರೆ, ಬಂದವರು ಉಳಿದದ್ದನ್ನು ಮತ್ತೆ ತುಂಬುತ್ತಾರೆ. ಮೊನ್ನೆ ಅದರಲ್ಲಿ ಹದಿನೇಳು ನೋಟುಗಳಿದ್ದವು. ಪಕ್ಕದ ಮನೆಯವರು ನ್ಯೂಜೆರ್ಸಿಯ ಮಗನ ಮನೆಗೆ ಹೊರಟಿದ್ದಾರೆ, ಕೈಲ್‌ಪೊಳ್ದ್ ಹಬ್ಬಕ್ಕೆ ಮರಳುತ್ತಾರೆ. ಹದಿನೇಳನ್ನೂ ಅವರಿಗೇ ಕೊಟ್ಟೆ, ಗಾಲಿಕುರ್ಚಿಯವರಿಗೆ ಐದು ಎಂದು ಲಕೋಟೆಯ ಮೇಲೆ ಬರೆದು.